ಮಲೆನಾಡಿನ ಸೆರಗಿಗೆ ಗಿಡ್ಡ ಆಡು

ಬೇಲೂರಿನಿಂದ ಸಕಲೇಶಪುರದ ಕಡೆಗೆ ಹೊರಟವನು ಬಿಕ್ಕೋಡನ್ನು ಸಮೀಪಿಸುವಷ್ಟರಲ್ಲಿ ರಾಗಿಯ ಹೊಲಗಳನ್ನೂ ತೆಂಗಿನ ತೋಟಗಳನ್ನೂ ಹಿಂದಕ್ಕೆ ಬಿಟ್ಟು, ಕಾಫಿಯ ನೆರಳಿಗೂ ಮೆಣಸಿನ ಬಳ್ಳಿಗೂ ಗದ್ದೆಯ ಕೆಸರಿಗೂ ವಶವಾದ ಬೇರೊಂದು ನಾಡನ್ನು ಹೊಕ್ಕಿರುತ್ತಾನೆ. ಅರಸೀಕೆರೆಯ ಒಣನೆಲವೂ ಬಿಕ್ಕೋಡಿನ ತೊಯ್ದ ಮಣ್ಣೂ ಹಾಸನವೆಂಬ ಒಂದೇ ಜಿಲ್ಲೆಯ ಕಾಗದಪತ್ರಗಳಲ್ಲಿ ಸೇರಿಕೊಂಡಿವೆಯಾದರೂ, ಆಡು ಸಾಕುವವನ ಪಾಲಿಗೆ ಅವು ಎರಡು ಬೇರೆ ಪ್ರಪಂಚಗಳು. ಅಲ್ಲಿ ಬೇಸಗೆಯ ಮೇವಿನ ಅಭಾವವೇ ಶತ್ರುವಾದರೆ, ಇಲ್ಲಿ ಮೇವು ಕಣ್ಣೆದುರಿಗೇ ಹಸುರಾಗಿ ನಿಂತಿರುವಾಗಲೂ ತಿಂಗಳುಗಟ್ಟಲೆ ಬಿಡದ ತೇವವು ಪ್ರಾಣಿಯ ಗೊರಸನ್ನೂ ಶ್ವಾಸಕೋಶವನ್ನೂ ಕರುಳನ್ನೂ ಕ್ರಮಕ್ರಮವಾಗಿ ಕೆಡಿಸುತ್ತದೆ. ಈ ಭೇದವನ್ನು ಗಣನೆಗೆ ತಾರದೆ, ಬಯಲುಸೀಮೆಯಲ್ಲಿ ಸಂದ ಉಪದೇಶವನ್ನೇ ಮಲೆನಾಡಿನ ಸೆರಗಿಗೂ ತಂದು ಹೇಳುತ್ತಿರುವುದರಿಂದ, ಆಡುಸಾಕಣೆಯನ್ನು ಹೊಸದಾಗಿ ಕೈಗೊಂಡ ಸಂಸಾರಗಳು ಮೊದಲ ಮಳೆಗಾಲದಲ್ಲಿಯೇ ಕೈಸುಟ್ಟುಕೊಳ್ಳುವಂತಾಗಿದೆ.

ಈ ಪ್ರದೇಶದಲ್ಲಿ ಆಡು ಸಾಕಲು ಹೊರಟವರು ಗಿಡ್ಡ ಮೈಯ ಆಡನ್ನೇ ಆರಿಸಿಕೊಳ್ಳಬೇಕು. ಎರಡು ಮೂರರಿಂದಲೇ ಆರಂಭಿಸಬೇಕು. ಆ ಎರಡು ಮೂರನ್ನು ಸರ್ಕಾರವೂ ತೋಟದ ಒಡೆಯರೂ ಗೌರವಾರ್ಹವಾದ ಉದ್ಯೋಗವೆಂದು ಎಣಿಸಬೇಕು. ಇದು ನನ್ನ ದೃಢವಾದ ಅಭಿಪ್ರಾಯ.

ಗಿಡ್ಡ ಆಡು ಎಂದೊಡನೆ ಪಟ್ಟಣವಾಸಿಗಳಿಗೆ ಈಚೆಗೆ ನೆನಪಾಗುವುದು ಮೊಬೈಲಿನ ಪರದೆಯ ಮೇಲೆ ಕುಪ್ಪಳಿಸುವ ಪಿಗ್ಮಿ ಆಡು. ಭುಜದ ಬಳಿ ಎರಡು ಅಡಿಗೂ ಕಡಿಮೆ ಎತ್ತರವುಳ್ಳ ಈ ಪ್ರಾಣಿಯ ಮೂಲ ಪಶ್ಚಿಮ ಆಫ್ರಿಕಾ; ಕ್ಯಾಮರೂನ್ ಮೊದಲಾದ ದೇಶಗಳಿಂದ ಐರೋಪ್ಯರು ಇದನ್ನು ಜರ್ಮನಿ, ಸ್ವೀಡನ್‌ಗಳ ಮೃಗಾಲಯಗಳಿಗೆ ಒಯ್ದರು, ಅಲ್ಲಿಂದ 1959ರಲ್ಲಿ ಇದು ಅಮೆರಿಕೆಯನ್ನು ಸೇರಿ, ಕಾಲಕ್ರಮದಲ್ಲಿ ಮನೆಯಂಗಳದ ಮುದ್ದುಪ್ರಾಣಿಯಾಯಿತು. ಆದರೆ ತನ್ನ ತವರಿನಲ್ಲಿ ಅದು ಆಟದ ಸಾಮಗ್ರಿಯಲ್ಲ. ಸೆಟ್ಸೆ ನೊಣವು ಹರಡುವ ರೋಗದಿಂದ ದೊಡ್ಡ ದನಗಳು ಉಳಿಯಲಾರದ ತೇವಭರಿತ ಅರಣ್ಯಪ್ರಾಂತದಲ್ಲಿ, ಆ ರೋಗವನ್ನೇ ಬಹುಮಟ್ಟಿಗೆ ತಾಳಿಕೊಂಡು, ಗುಡಿಸಿಲಿನ ಸುತ್ತಲಿನ ಸೊಪ್ಪಿನಲ್ಲಿಯೇ ಬದುಕಿ, ಬಡ ಸಂಸಾರದ ಹಬ್ಬಕ್ಕೂ ಆಪತ್ತಿಗೂ ಒದಗುವ ಸಂಪತ್ತು ಅದು. ಇಂಥ ಆಡನ್ನು ಕೊಳ್ಳಬೇಕೆಂಬ ಆಸೆ ಇಂದು ನಮ್ಮಲ್ಲಿಯೂ ಕೆಲವರಿಗೆ ಹುಟ್ಟಿದೆ. ಆದರೆ ಪ್ರಾಣಿಯನ್ನು ವಿದೇಶದಿಂದ ತರಲು ಕೇಂದ್ರ ಸರ್ಕಾರದ ಅನುಮತಿಯೂ ರೋಗಪರೀಕ್ಷೆಗಾಗಿ ಪ್ರತ್ಯೇಕವಾಸವೂ ಅವಶ್ಯವಾಗಿರುವುದರಿಂದ, ಪಿಗ್ಮಿ ಎಂದು ಹೇಳಿ ದುಬಾರಿ ಬೆಲೆಗೆ ಮಾರುವ ಕುಳ್ಳು ಮರಿಯ ಕುಲಗೋತ್ರವನ್ನು ವಿಚಾರಿಸದೆ ಯಾರೂ ಹಣ ಕೊಡಕೂಡದು.

ಆಫ್ರಿಕಾದ ಪಾಠವನ್ನು ಕಲಿಯಲು ಆಫ್ರಿಕಾದ ಪ್ರಾಣಿಯೇ ಬರಬೇಕೆಂದೇನೂ ಇಲ್ಲ. ನಮ್ಮ ಹಿರಿಯರು ಮಲೆಯ ಇಳಿಜಾರಿನಲ್ಲಿ ಉಳಿಸಿಕೊಂಡು ಬಂದ ಮಲೆನಾಡು ಗಿಡ್ಡ ಎಂಬ ದನವನ್ನು ನೋಡಿದರೆ ಸಾಕು. ಸುಮಾರು ಮೂರು ಅಡಿ ಎತ್ತರದ, ಮಳೆಗೆ ಅಂಜದ, ಗುಡ್ಡ ಹತ್ತಿ ತಾನೇ ಮೇದು ಸಂಜೆಗೆ ತಾನೇ ಹಟ್ಟಿಗೆ ಮರಳುವ ಆ ದನವು ಹಾಲು ಕರೆಯುವುದು ಅತ್ಯಲ್ಪವೆಂದು ಹೀಗಳೆದವರೇ, ಅದಕ್ಕೆ ರಾಷ್ಟ್ರೀಯ ತಳಿಪಟ್ಟಿಯಲ್ಲಿ ಸ್ಥಾನ ದೊರೆತ ಮೇಲೆ ಅದರ ಮಹತ್ತ್ವವನ್ನು ಕೊಂಡಾಡತೊಡಗಿದರು. ಕುರಿಗಳಲ್ಲಿಯೂ ಹಾಸನದ ಹೆಸರನ್ನೇ ಹೊತ್ತ ಸಣ್ಣ ಮೈಯ ತಳಿಯೊಂದುಂಟು. ಆಡುಗಳಲ್ಲಿ ಕರ್ನಾಟಕದ ನಂದಿದುರ್ಗ, ಬಿದ್ರಿ ಎಂಬ ತಳಿಗಳು ಮನ್ನಣೆ ಪಡೆದಿವೆ. ಆದರೆ ಮಲೆನಾಡಿನ ಸೆರಗಿನ ಊರುಗಳಲ್ಲಿ ಹಿತ್ತಿಲಿಗೆ ಒಂದೆರಡರಂತೆ ಕಟ್ಟಿಕೊಂಡು ಬಂದ, ಕರಿಯ ಅಥವಾ ಕಂದು ಬಣ್ಣದ, ಮೊಳಕಾಲುದ್ದದ ನಾಟಿ ಆಡಿಗೆ ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲ. ಹೆಸರಿಲ್ಲವೆಂಬ ಮಾತ್ರಕ್ಕೆ ಅದು ಗುಣಹೀನವೆಂದು ತಿಳಿಯುವುದು ತಪ್ಪು. ಇದರ ದೂರದ ಸಂಬಂಧಿಯಂತೆ ತೋರುವ ಬ್ಲಾಕ್ ಬೆಂಗಾಲ್ ಎಂಬ ಗಿಡ್ಡ ಆಡು ವಂಗದೇಶದ ಜವುಗುನಾಡಿನಲ್ಲಿ, ಮಳೆ ನೆರೆಗಳ ನಡುವೆ, ಲಕ್ಷಾಂತರ ಬಡ ಹೆಂಗಸರ ಕೈಗಾವಲಿನಲ್ಲಿ ಬೆಳೆದು, ಅವಳಿ ಮರಿಗಳಿಗೂ ರುಚಿಯಾದ ಮಾಂಸಕ್ಕೂ ಮೃದುವಾದ ಚರ್ಮಕ್ಕೂ ಪ್ರಸಿದ್ಧವಾಗಿದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಆಡುಗಳ ಸಂಖ್ಯೆ ಸುಮಾರು 14.9 ಕೋಟಿಯೆಂದೂ ಕರ್ನಾಟಕದ್ದು 61 ಲಕ್ಷಕ್ಕೂ ಮಿಗಿಲೆಂದೂ ಕಂಡುಬಂದಿತಷ್ಟೆ. ಈ ಮಹಾಸಂಖ್ಯೆಯ ಬಹುಭಾಗವು ದೊಡ್ಡ ಫಾರಮ್ಮುಗಳಲ್ಲಿಲ್ಲ, ಇಂಥ ಹಿತ್ತಿಲುಗಳಲ್ಲಿಯೇ ಇದೆ.

ಹೀಗಿರಲು, ಹೊಸಬನಿಗೆ ದೊರೆಯುವ ಸಲಹೆಯಾದರೂ ಏನು? ಜಮುನಾಪಾರಿಯನ್ನು ತರಿಸು, ಸಿರೋಹಿಯನ್ನು ತರಿಸು, ಬೀಟಲನ್ನು ತರಿಸು, ಕೈಯಲ್ಲಿ ಹಣವಿದ್ದರೆ ಬೋಯರನ್ನೇ ತರಿಸು ಎಂದು. ಇವೆಲ್ಲವೂ ತಂತಮ್ಮ ದೇಶದಲ್ಲಿ ಶ್ರೇಷ್ಠವಾದ ತಳಿಗಳೆಂಬುದರಲ್ಲಿ ಸಂದೇಹವಿಲ್ಲ. ಜಮುನಾಪಾರಿಯು ಉತ್ತರ ಪ್ರದೇಶದ ಇಟಾವಾ ಸೀಮೆಯ ಯಮುನಾ ಚಂಬಲ್ ಕಂದರಗಳಲ್ಲಿ, ಸಿರೋಹಿಯು ರಾಜಸ್ಥಾನದ ಒಣಬೆಟ್ಟಗಳಲ್ಲಿ, ಬೋಯರ್ ದಕ್ಷಿಣ ಆಫ್ರಿಕಾದ ಕುರುಚಲು ಬಯಲಿನಲ್ಲಿ ಬಿಸಿಲನ್ನೂ ದೂರದ ನಡಿಗೆಯನ್ನೂ ರೂಢಿಸಿಕೊಂಡು ಬೆಳೆದವು. ಆ ಉದ್ದ ಕಾಲಿನ, ಜೋಲುಗಿವಿಯ, ಭಾರವಾದ ಪ್ರಾಣಿಯನ್ನು ಲಾರಿಯಲ್ಲಿ ಹಲವು ಹಗಲಿರುಳು ನಿಲ್ಲಿಸಿ ತಂದು, ಆರಿದ್ರಾ ಮಳೆಯು ಹಿಡಿದುಕೊಂಡ ಬಿಕ್ಕೋಡಿನ ಮಣ್ಣುನೆಲದ ಕೊಟ್ಟಿಗೆಯಲ್ಲಿ ಕಟ್ಟಿದರೆ, ಪುಷ್ಯ ಆಶ್ಲೇಷಗಳು ಕಳೆಯುವುದರೊಳಗೆ ಅದು ಮೂಗಿನಲ್ಲಿ ಸಿಂಬಳ ಸುರಿಸುತ್ತ, ಗೊರಸು ಕೊಳೆತು ಮಂಡಿಯೂರಿ, ಮೇವನ್ನು ಬಿಟ್ಟು ಕುಳಿತರೆ ಅದರಲ್ಲಿ ಆಶ್ಚರ್ಯವೇನು? ಮಾರಿದ ದಳ್ಳಾಳಿಯು ತಳಿಯ ಸತ್ವವನ್ನು ಕುರಿತು ಹೇಳಿದುದು ಸುಳ್ಳಲ್ಲದಿರಬಹುದು; ಆದರೆ ಆ ಸತ್ವವು ಯಾವ ನೆಲದ್ದೆಂಬುದನ್ನು ಆತನು ಹೇಳಲಿಲ್ಲ. ಪ್ರಾಣಿಯ ಬೆಲೆ ಹೆಚ್ಚಿದಷ್ಟೂ ಸಾಲವೂ ಹೆಚ್ಚುತ್ತದೆ, ಸಾಲ ಹೆಚ್ಚಿದಷ್ಟೂ ಒಂದೊಂದು ಸಾವೂ ಸಂಸಾರದ ಬುಡವನ್ನೇ ಅಲುಗಿಸುತ್ತದೆ.

ಗಿಡ್ಡ ಆಡಿನಲ್ಲಿ ದೋಷಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದು ನಿಧಾನವಾಗಿ ಬೆಳೆಯುತ್ತದೆ. ಪ್ರಾಯದ ಆಡು ಇಪ್ಪತ್ತು ಕಿಲೋ ಆಸುಪಾಸಿನಲ್ಲಿಯೇ ನಿಂತುಬಿಡುವುದುಂಟು. ಹಾಲು ಅಲ್ಪವಾದುದರಿಂದ ಮೂರು ಮರಿ ಈದರೆ ಮೂರನೆಯದು ತಾಯಿಯ ಹಾಲೊಂದರಿಂದಲೇ ಉಳಿಯುವುದು ಕಷ್ಟ. ಆದರೆ ಲೆಕ್ಕವನ್ನು ಒಂದು ಪ್ರಾಣಿಯ ತೂಕದಿಂದ ಹಾಕದೆ, ವರ್ಷಾಂತ್ಯದಲ್ಲಿ ಕೊಟ್ಟಿಗೆಯಲ್ಲಿ ಜೀವಂತವಾಗಿ ನಿಂತ ಮರಿಗಳಿಂದಲೂ ಅವುಗಳಿಗಾಗಿ ತಗುಲಿದ ಮೇವು ಔಷಧಗಳಿಂದಲೂ ಹಾಕಿದಾಗ, ಈ ನಾಡಿನಲ್ಲಿ ಗಿಡ್ಡ ಆಡಿನ ಪಕ್ಷವೇ ಮೇಲಾಗುತ್ತದೆ. ಅದು ಒಂದು ವರ್ಷ ತುಂಬಿ ಕೆಲವು ತಿಂಗಳಿಗೆಲ್ಲ ಮೊದಲ ಸೂಲು ಈಯುತ್ತದೆ, ಅವಳಿ ಮರಿಗಳನ್ನು ಸಾಮಾನ್ಯವಾಗಿ ಕೊಡುತ್ತದೆ, ಹೆಂಗಸೊಬ್ಬಳು ಅದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಔಷಧ ಕುಡಿಸಬಲ್ಲಳು.

ಕೊಳ್ಳುವಾಗ ಸಂತೆಗಿಂತ ಸಾಕಿದವರ ಮನೆಯೇ ಮೇಲು. ಸಂತೆಯಲ್ಲಿ ಹತ್ತೂರಿನ ಪ್ರಾಣಿಗಳು ಮೈಗೆ ಮೈ ತಾಗಿ ನಿಂತಿರುವುದರಿಂದ, ಬೆಳಗ್ಗೆ ನಿರೋಗಿಯಾಗಿ ಬಂದ ಆಡು ಸಂಜೆಗೆ ರೋಗಬೀಜವನ್ನು ಹೊತ್ತು ಹೊರಡಬಹುದು. ಮನೆಯಲ್ಲಾದರೆ ತಾಯಿಯನ್ನು ನೋಡಬಹುದು, ಎಷ್ಟು ಮರಿ ಈಯಿತೆಂದು ಕೇಳಬಹುದು, ಅದು ನಿಂತ ನೆಲವನ್ನೂ ತಿಂದ ಸೊಪ್ಪನ್ನೂ ಕಾಣಬಹುದು. ಕೆಳದವಡೆಯ ಮುಂಭಾಗದಲ್ಲಿ ಎರಡು ದೊಡ್ಡ ಹಲ್ಲು ಮೂಡಿದ್ದರೆ ವಯಸ್ಸು ಒಂದು ವರ್ಷದ ಮೇಲೆಂದು ತಿಳಿಯಬೇಕು. ಆ ಪ್ರಾಯದ, ಒಮ್ಮೆ ಈದ ಅಥವಾ ಗಬ್ಬವಾಗಿರುವ ಎರಡು ಹೆಣ್ಣುಗಳಿದ್ದರೆ ಆರಂಭಕ್ಕೆ ಸಾಕು. ಒಂಟಿ ಆಡನ್ನು ಮಾತ್ರ ತರಬಾರದು; ಹಿಂಡಿನ ಪ್ರಾಣಿಯಾದ ಅದು ಒಂಟಿಯಾದರೆ ಅರಚಿ ಅರಚಿ ಮೇವು ಬಿಡುತ್ತದೆ. ಹೊಸದಾಗಿ ತಂದವನ್ನು ಮನೆಯ ಹಳೆಯ ಆಡುಗಳೊಡನೆ ಕೂಡಿಸುವ ಮೊದಲು ಮೂರು ನಾಲ್ಕು ವಾರ ಬೇರೆ ಕಟ್ಟತಕ್ಕದ್ದು.

ಕೊಟ್ಟಿಗೆಯ ವಿಷಯದಲ್ಲಿ ಮಲೆನಾಡು ತನ್ನದೇ ಆದ ಅನುಕೂಲವೊಂದನ್ನು ಪಡೆದಿದೆ. ನೆಲದಿಂದ ಮೂರು ನಾಲ್ಕು ಅಡಿ ಎತ್ತರಕ್ಕೆ ಕಂಬಗಳ ಮೇಲೆ ಅಟ್ಟಣಿಗೆ ಕಟ್ಟಿ, ಅದರ ಹಾಸಿಗೆ ಸೀಳಿದ ಅಡಿಕೆಯ ದಬ್ಬೆಗಳನ್ನು ಕಿರುಬೆರಳಿನ ದಪ್ಪದಷ್ಟು ಸಂದು ಬಿಟ್ಟು ಜೋಡಿಸಿದರೆ, ಹಿಕ್ಕೆಯೂ ಮೂತ್ರವೂ ಕೆಳಕ್ಕೆ ಬಿದ್ದು, ಆಡು ಮಳೆಗಾಲವಿಡೀ ಒಣಗಿದ ನೆಲೆಯಲ್ಲಿ ಮಲಗುತ್ತದೆ. ಸಂದು ಹೆಚ್ಚಾದರೆ ಮರಿಯ ಕಾಲು ಸಿಕ್ಕಿ ಮುರಿಯುತ್ತದೆ, ಕಡಿಮೆಯಾದರೆ ಹಿಕ್ಕೆ ನಿಂತು ಕೊಳೆಯುತ್ತದೆ. ಆದುದರಿಂದ ಮರಿಗಳ ಮೂಲೆಯ ಮೇಲೆ ಗೋಣಿಚೀಲವನ್ನು ಹಾಸಿ, ಅದನ್ನು ದಿನವೂ ಒಣಗಿಸಬೇಕು. ಬೆಳೆದ ಒಂದು ಆಡಿಗೆ ಹತ್ತು ಚದರ ಅಡಿ ಜಾಗ ಸಾಕು. ಪಡುವಣ ಮಗ್ಗುಲಿನ ಎರಚಲು ಒಳಕ್ಕೆ ಬೀಳದಂತೆ ಮಾಡನ್ನು ತಗ್ಗಿಸಿ ಇಳಿಬಿಡಬೇಕು. ಆದರೆ ಗಾಳಿ ಆಡದಂತೆ ನಾಲ್ಕೂ ಕಡೆ ಪ್ಲಾಸ್ಟಿಕ್ ಹೊದಿಸಿಬಿಡುವ ಅಭ್ಯಾಸವು ಮಳೆಗಿಂತಲೂ ಹೆಚ್ಚು ಮರಿಗಳನ್ನು ಕೊಲ್ಲುತ್ತದೆ, ಏಕೆಂದರೆ ಮುಚ್ಚಿದ ಕೊಟ್ಟಿಗೆಯಲ್ಲಿ ಮೂತ್ರದ ಘಾಟು ನಿಂತು ಎಳೆಯ ಶ್ವಾಸಕೋಶವನ್ನು ಸುಡುತ್ತದೆ. ಅಟ್ಟಣಿಗೆಯ ಕೆಳಗೆ ಕೂಡಿದ ಹಿಕ್ಕೆಗೆ ಮೆಣಸಿನ ಬುಡದಲ್ಲಿಯೂ ಶುಂಠಿಯ ಏರಿಯಲ್ಲಿಯೂ ಇರುವ ಬೆಲೆಯನ್ನು ಇಲ್ಲಿಯ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಮೇವು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಂಬಿ ಆಡನ್ನು ಬೀದಿಗೆ ಬಿಡುವವರು ಆ ಪ್ರಾಣಿಯನ್ನು ಸಮೀಪದಿಂದ ನೋಡಿದವರಲ್ಲ. ಆಡು ಮುಟ್ಟುತ್ತದೆ ನಿಜ, ಆದರೆ ತುದಿಯನ್ನಷ್ಟೇ ಕಚ್ಚಿ ಮುಂದಕ್ಕೆ ಸರಿಯುತ್ತದೆ. ನೆಲಕ್ಕೆ ಬಿದ್ದು ತಾನೇ ತುಳಿದ ಸೊಪ್ಪನ್ನು ಎಷ್ಟು ಹಸಿವಾದರೂ ಮೂಸಿ ಬಿಟ್ಟುಬಿಡುತ್ತದೆ. ಅದೇ ಸೊಪ್ಪನ್ನು ಕಟ್ಟು ಕಟ್ಟಿ ಅದರ ಮುಖದೆತ್ತರಕ್ಕೆ ಹಗ್ಗದಿಂದ ತೂಗುಬಿಟ್ಟರೆ, ಮುಂಗಾಲನ್ನೆತ್ತಿ ಕಡ್ಡಿಯೊಂದೇ ಉಳಿಯುವವರೆಗೆ ಸುಲಿದು ತಿನ್ನುತ್ತದೆ. ಈ ಸ್ವಭಾವಕ್ಕೆ ಕಾಫಿಯ ನಾಡು ಒದಗಿಸಿರುವ ಸಮೃದ್ಧಿ ಅಸಾಧಾರಣವಾದುದು. ವರ್ಷಂಪ್ರತಿ ಮಳೆಗಾಲಕ್ಕೆ ಮುನ್ನ ತೋಟಗಳಲ್ಲಿ ಮರಗಸಿ ನಡೆಯುತ್ತದಲ್ಲವೆ? ಕಾಫಿಗೆ ಬೆಳಕು ಬೀಳಲೆಂದು ಹಾಲುವಾಣದ ರೆಂಬೆಗಳನ್ನು ಹೊರೆಹೊರೆಯಾಗಿ ಕಡಿದು ಗಿಡಗಳ ನಡುವೆ ಕೆಡಹುತ್ತಾರೆ. ಆ ಹಾಲುವಾಣದ ಸೊಪ್ಪು ಆಡಿಗೆ ಸತ್ವಯುತವಾದ ಆಹಾರ; ಅದರಲ್ಲಿ ಒಂದಂಶವು ಮಣ್ಣಿಗೆ ಸೇರುವ ಮೊದಲು ಆಡಿನ ಹೊಟ್ಟೆಯನ್ನು ಹೊಕ್ಕು ಹಿಕ್ಕೆಯಾಗಿ ತೋಟಕ್ಕೆ ಮರಳಿದರೆ ಯಾರಿಗೂ ನಷ್ಟವಿಲ್ಲ. ಹಲಸು, ಅತ್ತಿ, ಬಸರಿ, ಬೇಲಿಯ ಗ್ಲಿರಿಸಿಡಿಯಾ, ಹಿತ್ತಿಲಿನ ನುಗ್ಗೆ ಅಗಸೆಗಳು ಉಳಿದ ತಿಂಗಳುಗಳನ್ನು ನಡೆಸುತ್ತವೆ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮೆಣಸಿನ ಬಳ್ಳಿಗೆ ಸೊರಗುರೋಗ ಬಾರದಿರಲೆಂದು ಮಳೆಗೆ ಮುನ್ನ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಅದರಲ್ಲಿರುವ ಮೈಲುತುತ್ತವು ಆಸರೆಮರದ ಎಲೆಗೂ ಅಂಟಿಕೊಳ್ಳುತ್ತದೆ. ಆ ತಾಮ್ರವು ಕುರಿಗಂತೂ ಮಹಾವಿಷ, ಆಡಿಗೂ ಹಿತವಲ್ಲ. ಆದುದರಿಂದ ಸೊಪ್ಪನ್ನು ಸಿಂಪಡಣೆಗೆ ಮೊದಲೇ ತರಬೇಕು. ಯಾವ ಭಾಗಕ್ಕೆ ಯಾವಾಗ ಔಷಧ ಹೊಡೆದರೆಂದು ತೋಟದ ಮೇಸ್ತ್ರಿಯನ್ನು ಕೇಳಿಯೇ ತರಬೇಕು. ಲಂಟಾನವನ್ನು ಹಸಿದ ಆಡು ತಿಂದರೆ ಯಕೃತ್ತು ಕೆಟ್ಟು, ಬಿಸಿಲಿಗೆ ಮೈ ಸುಲಿಯುತ್ತದೆ. ಇದಕ್ಕಿಂತ ಸಾಮಾನ್ಯವಾದ ಮರಣಕಾರಣ ಮತ್ತೊಂದಿದೆ: ಮದುವೆಯ ಮನೆಯಲ್ಲಿ ಉಳಿದ ಅನ್ನವನ್ನು ಪ್ರೀತಿಯಿಂದ ಬಕೆಟ್ಟುಗಟ್ಟಲೆ ಇಡುವುದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಆ ಅನ್ನವು ಹುಳಿಯಾಗಿ, ಮರುದಿನ ಬೆಳಗಾಗುವುದರೊಳಗೆ ಅದನ್ನು ಕೆಡಹಬಲ್ಲದು.

ಕಾಫಿಯನ್ನು ಮನುಷ್ಯನಿಗೆ ತೋರಿಸಿಕೊಟ್ಟುದೇ ಇಥಿಯೋಪಿಯದ ಆಡುಗಳೆಂಬ ಐತಿಹ್ಯವುಂಟು. ಅಂಥ ಸಂಬಂಧವಿದ್ದರೂ ತೋಟದ ಒಡೆಯರಿಗೆ ಆಡೆಂದರೆ ಕೋಪ. ಮೆಣಸಿನ ಎಳೆ ಬಳ್ಳಿಯನ್ನೂ ಹೊಸದಾಗಿ ನೆಟ್ಟ ಗಿಡವನ್ನೂ ಒಂದೇ ಗಳಿಗೆಯಲ್ಲಿ ಬೋಳಿಸಬಲ್ಲ ಪ್ರಾಣಿಯ ಮೇಲೆ ಆ ಕೋಪವು ನ್ಯಾಯವಾದುದೇ. ಅದರ ಫಲವಾಗಿ ಎಷ್ಟೋ ತೋಟಗಳಲ್ಲಿ ಕೆಲಸಗಾರರು ವಾಸಿಸುವ ಲೈನ್ ಮನೆಗಳಲ್ಲಿ ಆಡು ಕಟ್ಟಲು ಅನುಮತಿಯೇ ಇಲ್ಲ. ಆದರೆ ನಾನು ಹೇಳುತ್ತಿರುವುದು ಬಿಟ್ಟು ಮೇಯಿಸುವ ಆಡಿನ ಮಾತಲ್ಲ. ಕೊಟ್ಟಿಗೆಯಲ್ಲಿಯೇ ಸೊಪ್ಪು ತಂದು ಹಾಕುವ ಆಡಿನ ಮಾತು. ಬಿಟ್ಟು ಮೇಯಿಸುವ ಪದ್ಧತಿಯು ಬಿಕ್ಕೋಡಿನ ಸುತ್ತ ಈಗ ಮನುಷ್ಯನಿಗೂ ಅಪಾಯಕರವಾಗಿದೆ. ಕಾಡಾನೆಗಳು ಹಗಲಿನಲ್ಲಿಯೇ ತೋಟಗಳೊಳಗೆ ನಿಲ್ಲುವ ಈ ಹೋಬಳಿಯಲ್ಲಿ, ಆಡಿನ ಹಿಂದೆ ಮುದುಕಿಯನ್ನೋ ಹುಡುಗನನ್ನೋ ಕಳುಹಿಸುವುದು ಸರ್ವಥಾ ಸಲ್ಲದು. ರಾತ್ರಿಯಲ್ಲಿ ಕಿರುಬನ ಭಯವೂ ಉಂಟಾದುದರಿಂದ, ಕೊಟ್ಟಿಗೆಗೆ ಗಟ್ಟಿಯಾದ ಕಬ್ಬಿಣದ ಬಲೆಯೂ ಭದ್ರವಾದ ಅಗುಳಿಯೂ ಅವಶ್ಯ. ಮನೆಯ ಗೋಡೆಗೆ ಒತ್ತಿದಂತೆ ಎರಡು ಗಿಡ್ಡ ಆಡುಗಳ ಅಟ್ಟಣಿಗೆಯನ್ನು ಕಟ್ಟಿಕೊಳ್ಳಲು ಲೈನ್ ಮನೆಯವರಿಗೆ ಒಡೆಯರು ಸಮ್ಮತಿ ಕೊಟ್ಟು, ಮರಗಸಿಯ ಸೊಪ್ಪನ್ನು ಒಯ್ಯಲು ಬಿಟ್ಟು, ಪ್ರತಿಯಾಗಿ ಹಿಕ್ಕೆಯ ಒಂದು ಪಾಲನ್ನು ಪಡೆಯುವುದಾದರೆ, ಆಳು ಸಿಕ್ಕುವುದಿಲ್ಲವೆಂದು ಕೊರಗುವ ಈ ಕಾಲದಲ್ಲಿ ಕೆಲಸಗಾರರ ಸಂಸಾರವು ತೋಟದಲ್ಲಿ ನೆಲೆನಿಲ್ಲಲು ಅದೊಂದು ಆಧಾರವೂ ಆದೀತು.

ರೋಗಗಳ ವಿಚಾರದಲ್ಲಿ ಮೊದಲು ಹೆಸರಿಸತಕ್ಕದ್ದು ಹಿರೇಬೇನೆ, ಎಂದರೆ ಪಿಪಿಆರ್. ಭಾರತದಲ್ಲಿ ಇದು ಮೊದಲು ಗುರುತಿಸಲ್ಪಟ್ಟುದು 1987ರಲ್ಲಿ, ತಮಿಳುನಾಡಿನ ವಿಲ್ಲುಪುರದ ಕಡೆಯ ಅರಸೂರಿನ ಕುರಿಗಳಲ್ಲಿ; ಅನಂತರ ಇದು ದೇಶವನ್ನೆಲ್ಲ ವ್ಯಾಪಿಸಿತು. ಜ್ವರ, ಮೂಗು ಕಣ್ಣುಗಳ ಸೋರಿಕೆ, ಬಾಯಿಹುಣ್ಣು, ಭೇದಿ, ಕೊನೆಗೆ ಶ್ವಾಸಕೋಶದ ಉರಿ, ಹೀಗೆ ಹಿಂಡು ಹಿಂಡನ್ನೇ ಕೆಡಹುವ ಈ ವ್ಯಾಧಿಗೆ ಮದ್ದಿಲ್ಲ, ಲಸಿಕೆಯುಂಟು. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮುಕ್ತೇಶ್ವರ ಶಾಖೆಯ ವಿಜ್ಞಾನಿಗಳು ಸಿದ್ಧಪಡಿಸಿದ ಲಸಿಕೆಯನ್ನು ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ ದೊರೆಯುತ್ತದೆ. ಕರುಳುಬೇನೆಯ ಲಸಿಕೆಯನ್ನಾದರೋ ಪ್ರತಿವರ್ಷವೂ, ಮುಂಗಾರಿನ ಹೊಸ ಚಿಗುರು ಬಾಯಿಗೆ ಬೀಳುವ ಮೊದಲೇ ಹಾಕಿಸಬೇಕು. ಎರಡೇ ಆಡುಗಳುಳ್ಳವಳು ಇದಕ್ಕಾಗಿ ದುಡಿಮೆಯ ದಿನವೊಂದನ್ನು ಕಳೆದುಕೊಂಡು ಆಸ್ಪತ್ರೆಗೆ ಅಲೆಯುವಂತಾಗಬಾರದು. ಮೃಗಶಿರಾ ಮಳೆ ಕಾಲಿಡುವ ಮುನ್ನ ಊರೂರಿನಲ್ಲಿ ಒಂದು ಬೆಳಗ್ಗೆ ಲಸಿಕೆಯ ಶಿಬಿರ ನಡೆಯುವುದು ನ್ಯಾಯ.

ಆದರೆ ತೇವದ ನಾಡಿನಲ್ಲಿ ಸದ್ದಿಲ್ಲದೆ ಕೊಲ್ಲುವುದು ಜಂತುಹುಳು. ಹೊಟ್ಟೆಯ ಒಳಗೋಡೆಗೆ ಕಚ್ಚಿಕೊಂಡು ರಕ್ತ ಹೀರುವ ಹುಳುವಿನ ಮರಿಗಳು ಇಬ್ಬನಿಯ ತೇವವನ್ನು ಹಿಡಿದು ಹುಲ್ಲಿನ ಎಸಳಿನ ಮೇಲೆ ಕೆಲವು ಅಂಗುಲ ಏರಿ ಕಾದಿರುತ್ತವೆ. ನೆಲಮಟ್ಟದ ಹಸಿಹುಲ್ಲನ್ನು ಬೆಳಗಿನಲ್ಲಿ ಮೇದ ಆಡು ಅವನ್ನೂ ನುಂಗುತ್ತದೆ. ತೂಗುಬಿಟ್ಟ ಮರದ ಸೊಪ್ಪು ಶ್ರೇಯಸ್ಕರವೆಂದು ಮೇಲೆ ಹೇಳಿದುದಕ್ಕೆ ಇದು ಇನ್ನೊಂದು ಕಾರಣ. ಹುಳು ಹೆಚ್ಚಿದೆಯೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಡ: ಆಡಿನ ತಲೆಯನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದು ನೋಡಬೇಕು. ಒಳಭಾಗ ಕೆಂಪಾಗಿದ್ದರೆ ಕ್ಷೇಮ. ಮಾಸಲು ಗುಲಾಬಿಯಾದರೆ ಸಂಶಯ. ಬಿಳಿಚಿಕೊಂಡು, ದವಡೆಯ ಕೆಳಗೆ ನೀರು ತುಂಬಿದಂತೆ ಊತ ಕಂಡರೆ ರಕ್ತವೆಲ್ಲ ಹುಳುವಿನ ಪಾಲಾಗುತ್ತಿದೆಯೆಂದು ತಿಳಿದು, ಅಂದೇ ವೈದ್ಯರನ್ನು ಕಾಣತಕ್ಕದ್ದು. ಎಲ್ಲ ಆಡುಗಳಿಗೂ ಒಂದೇ ಔಷಧವನ್ನು ತಿಂಗಳಿಗೊಮ್ಮೆ ಕಣ್ಣುಮುಚ್ಚಿ ಕುಡಿಸುವುದರಿಂದ ಹುಳುಗಳೇ ಆ ಔಷಧಕ್ಕೆ ಒಗ್ಗಿಹೋಗುತ್ತವೆ. 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನವು ಬರುವ ಏರ್ಪಾಡಿದೆ. ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜೂ ಇದೆ. ಅಂಗಡಿಯವನ ಸಲಹೆಗಿಂತ ಅಲ್ಲಿಯ ವೈದ್ಯರ ಸಲಹೆ ಮೇಲು.

ಆಡು ಗಬ್ಬ ಹೊರುವುದು ಸುಮಾರು 150 ದಿನ. ಈ ಒಂದು ಸಂಖ್ಯೆಯನ್ನು ಪಂಚಾಂಗದೊಡನೆ ಹೊಂದಿಸಿಕೊಂಡವನು ಅರ್ಧ ಗೆದ್ದಂತೆ. ಮಾಘ ಫಾಲ್ಗುಣಗಳಲ್ಲಿ ಹೋತವನ್ನು ಕೂಡಿಸಿದರೆ ಮರಿ ಬೀಳುವುದು ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ. ಆ ಎಳೆಯ ಜೀವಗಳು ಶೀತಕ್ಕೂ ಭೇದಿಗೂ ತುತ್ತಾಗುತ್ತವೆ. ಜ್ಯೇಷ್ಠದಲ್ಲಿ ಕೂಡಿಸಿದರೆ ಕಾರ್ತಿಕದಲ್ಲಿ, ಮಳೆ ಹಿಂದೆ ಸರಿದು ಬಿಸಿಲು ಹದವಾಗಿ ಸೊಪ್ಪು ಇನ್ನೂ ಸಮೃದ್ಧವಾಗಿರುವ ಕಾಲದಲ್ಲಿ, ಮರಿಗಳು ಕಣ್ಣು ಬಿಡುತ್ತವೆ. ಆಡು ಗಬ್ಬ ಕಟ್ಟದೆ ಹೋದರೆ ಇಪ್ಪತ್ತೊಂದು ದಿನದ ಸುಮಾರಿಗೆ ಮತ್ತೆ ಬೆದೆಗೆ ಬರುವುದಾದುದರಿಂದ ಆತುರಪಡಬೇಕಾದ ಕಾರಣವಿಲ್ಲ. ಮರಿ ಬಿದ್ದೊಡನೆ ಮೂಗು ಬಾಯಿಗಳ ಲೋಳೆಯನ್ನು ಒರಸಿ, ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಮೊದಲ ಅರ್ಧಗಂಟೆ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಲೇಬೇಕು. ಕಸ ಬೀಳುವವರೆಗೆ ಹಾಲು ಕೊಡಬಾರದೆಂಬ ಹಳೆಯ ನಂಬಿಕೆಯಿಂದ ಎಷ್ಟೋ ಮರಿಗಳು ಅನ್ಯಾಯವಾಗಿ ಸತ್ತಿವೆ. ಅವಳಿಗಳಲ್ಲಿ ಬಲಹೀನವಾದುದನ್ನು ಮೊದಲು ಮೊಲೆಗೆ ಹಿಡಿಯಬೇಕು.

ಹೋತದ ಆಯ್ಕೆಯಲ್ಲಿ ಆಸೆಯು ವಿವೇಕವನ್ನು ಮೀರುವುದುಂಟು. ಮರಿ ದೊಡ್ಡದಾಗಲೆಂದು ಗಿಡ್ಡ ಆಡಿಗೆ ಬೋಯರ್ ಅಥವಾ ಜಮುನಾಪಾರಿಯ ಭಾರಿ ಹೋತವನ್ನು ಕೂಡಿಸಿದರೆ, ಮರಿಯು ತಾಯಿಯ ಕಿರಿದಾದ ಕಟಿಯಲ್ಲಿ ಸಿಕ್ಕಿಕೊಂಡು ಎರಡು ಜೀವಗಳೂ ಹೋಗುವ ಸಂಭವವಿದೆ. ಚೊಚ್ಚಲ ಸೂಲಿನಲ್ಲಿ ಅಪಾಯ ಇನ್ನೂ ಅಧಿಕ. ಗಿಡ್ಡ ಆಡಿಗೆ ಅದೇ ಮೈಕಟ್ಟಿನ, ಅವಳಿಯಾಗಿ ಹುಟ್ಟಿದ, ರಕ್ತಸಂಬಂಧವಿಲ್ಲದ ಹೋತವೇ ತಕ್ಕುದು. ಯುಗಾದಿಯ ಮರುದಿನದ ವರ್ಷತೊಡಕಿಗೂ ಬಕ್ರೀದಿಗೂ ಹೋತಮರಿಗೆ ಒಳ್ಳೆಯ ಬೆಲೆ ಬರುತ್ತದೆ. ಆದರೆ ಕಣ್ಣಂದಾಜಿನಲ್ಲಿ ಮಾರದೆ ಜೀವತೂಕದ ಮೇಲೆ ಮಾರಬೇಕು, ಅದಕ್ಕಾಗಿ ಹಾಲಿನ ಡೇರಿಯ ಪಕ್ಕದಲ್ಲಿಯೇ ಒಂದು ತೂಗುತಕ್ಕಡಿ ಇದ್ದರೆ ಹಳ್ಳಿಗೆ ಹಳ್ಳಿಯೇ ಲಾಭ ಪಡೆಯುತ್ತದೆ.

ಹಾಲಿನ ಆಸೆಗಾಗಿ ಗಿಡ್ಡ ಆಡನ್ನು ಸಾಕುವುದು ತರವಲ್ಲ. ಗಾಂಧೀಜಿಯವರು ಹಸುವಿನ ಹಾಲು ಬಿಟ್ಟು ಆಡಿನ ಹಾಲನ್ನು ಸ್ವೀಕರಿಸಿದುದೂ, 1927ರಲ್ಲಿ ಆರೋಗ್ಯಕ್ಕಾಗಿ ನಂದಿಬೆಟ್ಟದಲ್ಲಿ ವಿಶ್ರಮಿಸಿದುದೂ ಕನ್ನಡಿಗರಿಗೆ ತಿಳಿದ ವಿಷಯ. ಆ ಹಾಲಿನಲ್ಲಿ ಕೊಬ್ಬಿನ ಕಣಗಳು ಸಣ್ಣವಾದುದರಿಂದ ಕೆಲವರಿಗೆ ಅದು ಹಗುರವಾಗಿ ತೋರುವುದೂ ನಿಜ. ಆದರೆ ಡೆಂಗೀ ಜ್ವರದ ಕಾಲದಲ್ಲಿ ಅದು ರಕ್ತದ ಪ್ಲೇಟ್‌ಲೆಟ್ಟುಗಳನ್ನು ಏರಿಸುತ್ತದೆಂದು ನಂಬಿ, ಬಡ ರೋಗಿಗಳ ಮನೆಯವರು ಲೋಟಕ್ಕೆ ವಿಪರೀತ ಬೆಲೆ ತೆರುವುದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಆ ಹಾಲನ್ನು ಹಸಿಯಾಗಿ ಕುಡಿದರೆ ಬ್ರುಸೆಲ್ಲೋಸಿಸ್ ಎಂಬ ದೀರ್ಘಜ್ವರ ತಗಲುವ ಭಯವೂ ಉಂಟು. ಕುದಿಸಿಯೇ ಕುಡಿಯಬೇಕು, ಅದಕ್ಕೂ ಮೊದಲು ಮರಿಗಳ ಹೊಟ್ಟೆ ತುಂಬಿರಬೇಕು.

ಇನ್ನು ಸರ್ಕಾರದ ಕಡೆಗೆ ಬರೋಣ. ರಾಷ್ಟ್ರೀಯ ಜಾನುವಾರು ಮಿಷನ್ನನ್ನು 2021ರಲ್ಲಿ ಪುನಾರಚಿಸಿದಾಗ 500 ಹೆಣ್ಣು 25 ಹೋತಗಳ ಘಟಕಕ್ಕೆ ಬಂಡವಾಳದ ಅರ್ಧದಷ್ಟು ಸಹಾಯಧನವನ್ನು ಗೊತ್ತುಮಾಡಿದರು. ಆಮೇಲೆ ಅದನ್ನು 100 ಹೆಣ್ಣು 5 ಹೋತಗಳವರೆಗೆ ಇಳಿಸಿದರು. ನಮ್ಮ ರಾಜ್ಯದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯು 20 ಹೆಣ್ಣು ಒಂದು ಗಂಡಿನ ಪ್ರಮಾಣವನ್ನು ಹಿಡಿಯಿತು. ಬಯಲುಸೀಮೆಯ ಕುರಿಗಾರನಿಗೆ ಇದು ಸರಿಯಾದ ಅಳತೆಯೇ ಇರಬಹುದು. ಆದರೆ ಬಿಕ್ಕೋಡಿನ ಲೈನ್ ಮನೆಯಲ್ಲಿಯೋ, ಅರ್ಧ ಎಕರೆ ಕಾಫಿಯ ನಡುವಿನ ಹೆಂಚಿನ ಮನೆಯಲ್ಲಿಯೋ ಇರುವವಳು ಮಳೆಗಾಲದಲ್ಲಿ ಇಪ್ಪತ್ತು ಆಡುಗಳಿಗೆ ಒಣ ಅಟ್ಟಣಿಗೆಯನ್ನೂ ದಿನವೂ ಹೊರೆಗಟ್ಟಲೆ ಸೊಪ್ಪನ್ನೂ ಎಲ್ಲಿಂದ ತಂದಾಳು? ಅನುಗ್ರಹ ಯೋಜನೆಯಲ್ಲಿ ಆಕಸ್ಮಿಕವಾಗಿ ಸತ್ತ ಒಂದೊಂದು ಆಡಿಗೂ ಪರಿಹಾರವುಂಟು. 5,000 ರೂಪಾಯಿಯಿದ್ದ ಆ ಮೊತ್ತವನ್ನು 2025ರ ಮುಂಗಡಪತ್ರದಲ್ಲಿ 7,500ಕ್ಕೆ ಏರಿಸಲಾಯಿತು. ಸತ್ತ ಒಂದೇ ಆಡನ್ನು ಎಣಿಕೆಗೆ ತೆಗೆದುಕೊಳ್ಳುವ ವ್ಯವಸ್ಥೆಯು ಬದುಕಿರುವ ಎರಡನ್ನೂ ಎಣಿಕೆಗೆ ತೆಗೆದುಕೊಳ್ಳುವುದು ಅಸಾಧ್ಯವಲ್ಲ. ಮಲೆನಾಡಿನ ಮತ್ತು ಅದರ ಸೆರಗಿನ ತಾಲ್ಲೂಕುಗಳಿಗೆ ಎರಡು ಅಥವಾ ಮೂರು ನಾಟಿ ಆಡುಗಳ ಪ್ರತ್ಯೇಕ ಘಟಕವೊಂದನ್ನು ರಚಿಸಿ, ಪ್ರಾಣಿಯ ಬೆಲೆಗಿಂತ ಅಟ್ಟಣಿಗೆಯ ವೆಚ್ಚಕ್ಕೇ ಹೆಚ್ಚು ನೆರವು ಕೊಡಬೇಕೆಂದೂ, ತೋಟದ ಕೂಲಿಯ ಹೆಂಗಸರಿಗೆ ಜಮೀನಿನ ಪಹಣಿಯನ್ನು ಕೇಳದೆ ಸ್ವಸಹಾಯ ಸಂಘದ ಮೂಲಕ ಅದನ್ನು ತಲುಪಿಸಬೇಕೆಂದೂ ನನ್ನ ಆಗ್ರಹ.

ಎರಡು ಆಡುಗಳವಳು ಹೋತವನ್ನು ಸಾಕಲಾರಳು, ಸಾಕಲೂ ಬೇಕಾಗಿಲ್ಲ. ಒಂದು ಹೋತವು ಇಪ್ಪತ್ತು ಇಪ್ಪತ್ತೈದು ಹೆಣ್ಣುಗಳಿಗೆ ಸಾಕಾಗುತ್ತದೆ. ಆದುದರಿಂದ ಊರಿಗೊಂದು ಗಿಡ್ಡ ಹೋತವನ್ನು ಪಂಚಾಯಿತಿಯೋ ಸಂಘವೋ ಕೊಂಡು, ನಂಬಿಕಸ್ಥರಾದ ಒಂದು ಸಂಸಾರದ ವಶಕ್ಕೆ ಕೊಡಲಿ. ಕೂಡಿಸಲು ತಂದ ಪ್ರತಿ ಆಡಿಗೂ ಆ ಸಂಸಾರವು ನಿಶ್ಚಿತವಾದ ಸಣ್ಣ ಶುಲ್ಕವನ್ನು ಪಡೆದು, ಯಾವ ಮನೆಯ ಆಡು, ಯಾವ ದಿನ ಕೂಡಿತು, ಎಷ್ಟು ಮರಿ ಬಿದ್ದವು, ಎಷ್ಟು ಉಳಿದವು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ವರ್ಷಕ್ಕೊಮ್ಮೆ, ಮಗಳಿಗೆ ತಂದೆಯೇ ಕೂಡುವ ಪ್ರಸಂಗ ಬಾರದಂತೆ, ಆ ಹೋತವನ್ನು ನೆರೆಯೂರಿನ ಹೋತದೊಡನೆ ಬದಲಾಯಿಸಿಕೊಳ್ಳಲಿ. ಇಂಥ ನೋಟ್‌ಬುಕ್ಕುಗಳು ಹತ್ತೂರಿನಲ್ಲಿ ಕೆಲವು ವರ್ಷ ತುಂಬಿದರೆ, ಹಾಸನದ ಪಶುವೈದ್ಯ ಕಾಲೇಜಿನವರು ಅವನ್ನು ಓದಿ, ಮಲೆನಾಡಿನ ಸೆರಗಿನ ಈ ಹೆಸರಿಲ್ಲದ ಆಡು ಒಂದು ತಳಿಯೆಂಬ ಮನ್ನಣೆಗೆ ಯೋಗ್ಯವೋ ಅಲ್ಲವೋ ಎಂದು ನಿರ್ಣಯಿಸಬಹುದು.